ಹೆಪಟೈಟಿಸ್ ಸಿ: ಸಬ್‌ಸೆಂಟರ್ ಸಿಸ್ಟರ್‌ಗಳಿಗೆ ಅರ್ಧ ದಿನದ ತರಬೇತಿ, ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು? (ಪ್ರತಿ ಭಾಗದ ಮೇಲಿರುವುದು ಬರೆದವರ ಅಡ್ಡಹೆಸರು.)

ಗಂಗಾವಳಿ ದಂಡೆ

ಅಂಕೋಲಾ, ಕುಮಟಾ ತಾಲೂಕುಗಳ ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ), ಸಬ್‌ಸೆಂಟರ್ ಸಿಸ್ಟರ್‌ಗಳು ಮತ್ತು ಸಿಎಚ್‌ಒಗಳು (ಸಮುದಾಯ ಆರೋಗ್ಯ ಅಧಿಕಾರಿಗಳು) ಸೇರಿ ಸುಮಾರು ನಲವತ್ತು ಜನರಿಗೆ ಹೆಪಟೈಟಿಸ್ ಸಿ ಬಗ್ಗೆ ತರಬೇತಿ ಮಾಡಬೇಕಿದೆ. ಸಿಗುವುದು ಬೆಳಿಗ್ಗೆ 10ರಿಂದ ಊಟದ ಹೊತ್ತಿನವರೆಗೆ ಮಾತ್ರ. ಮೊದಲಿಗೆ ಒಂದು ಪ್ರಶ್ನಾವಳಿ ಕೊಟ್ಟು, ಗೊತ್ತಿರುವುದು ಎಷ್ಟು, ರೋಗಿಗಳ ಬಗ್ಗೆ ಧೋರಣೆ ಹೇಗಿದೆ ಎಂದು ನೋಡಿಕೊಂಡು ಮುಂದುವರಿಯುವ ಯೋಚನೆ.

ತೊಡಕು ಏನೆಂದರೆ, ನಮ್ಮ ಕರಾವಳಿಯಲ್ಲಿ ಜೂನ್ ಬಂತೆಂದರೆ ‘ಕಾಮಾಲೆ’ ಎಂಬ ಒಂದೇ ಬುಟ್ಟಿಗೆ ಎ, ಬಿ, ಸಿ, ಇ ಎಲ್ಲವೂ ಬೀಳುತ್ತವೆ. ಊರವರು ಹಾಗೆ ಮಾಡುವುದು ಸರಿ, ರಿಜಿಸ್ಟರಿನಲ್ಲೂ ಹಾಗೇ ಆಗುತ್ತದೆ.

ಕೇಳಬೇಕಾದದ್ದು ನಾಲ್ಕು. ಯಾವ ವಿಷಯ ಬಿಡಲೇಬಾರದು? ಸೂಜಿ ಚುಚ್ಚಿಕೊಂಡರೆ ಏನು ಮಾಡಬೇಕೆಂದು ಹೇಳಬೇಕು? ಧೋರಣೆ ತಿಳಿಯುವ ಪ್ರಶ್ನೆಗಳನ್ನು ಹೇಗೆ ಬರೆದರೆ ನಿಜವಾದ ಉತ್ತರ ಬರುತ್ತದೆ? ವೈರಾಣುವಿನ ರಚನೆ, ಜೀನೋಟೈಪ್ (ವೈರಾಣುವಿನ ತಳಿಭೇದ) ಇವಕ್ಕೂ ಹತ್ತು ನಿಮಿಷ ಇಡಬೇಕೋ ಬೇಡವೋ?

ಸೋಂದಾ ರಸ್ತೆ

ಜೀನೋಟೈಪ್ ಬಿಟ್ಟುಬಿಡಿ. ಈಗಿನ ಮಾತ್ರೆಗಳು ಎಲ್ಲ ಜೀನೋಟೈಪ್‌ಗಳ ಮೇಲೂ ಕೆಲಸ ಮಾಡುತ್ತವೆ, ಸಬ್‌ಸೆಂಟರ್ ಮಟ್ಟದಲ್ಲಿ ಅದು ತಿಳಿದು ಆಗಬೇಕಾದ್ದೇನೂ ಇಲ್ಲ. ಆ ಹತ್ತು ನಿಮಿಷವನ್ನು ಕಾಮಾಲೆ ಗೊಂದಲ ಬಿಡಿಸಲು ಕೊಡಿ.

ಹೀಗೆ ಹೇಳಿದರೆ ನೆನಪಿನಲ್ಲಿ ಉಳಿಯುತ್ತದೆ: ಎ ಮತ್ತು ಇ ಬಾಯಿಂದ, ಅಂದರೆ ಕೊಳೆ ಸೇರಿದ ನೀರು, ಆಹಾರದಿಂದ. ಬಿ ಮತ್ತು ಸಿ ರಕ್ತದಿಂದ. ಎ, ಇ ಬಂದರೆ ಕಣ್ಣು ಹಳದಿಯಾಗಿ ಮನೆಮಂದಿಗೆಲ್ಲ ಗೊತ್ತಾಗುತ್ತದೆ. ಸಿ ಬಂದವರಲ್ಲಿ ಹೆಚ್ಚಿನವರಿಗೆ ಕಣ್ಣು ಹಳದಿಯಾಗುವುದೇ ಇಲ್ಲ. ಇಪ್ಪತ್ತು ವರ್ಷ ಸದ್ದಿಲ್ಲದೆ ಕೂತು, ಕೊನೆಗೆ ಹೊಟ್ಟೆಯಲ್ಲಿ ನೀರು ತುಂಬಿದಾಗ ಬಯಲಾಗುತ್ತದೆ. ಹಾಗಾಗಿ ‘ಕಾಮಾಲೆ ಆಗಿತ್ತಾ?’ ಎಂಬ ಪ್ರಶ್ನೆಯಿಂದ ಹೆಪಟೈಟಿಸ್ ಸಿ ಹುಡುಕಲು ಹೊರಟರೆ ಸಿಗುವುದಿಲ್ಲ. ಬೇರೆಯದನ್ನು ಕೇಳಬೇಕು: 2000ದ ದಶಕದ ಆರಂಭಕ್ಕಿಂತ ಮುಂಚೆ ರಕ್ತ ಹಾಕಿಸಿಕೊಂಡಿದ್ದಾರಾ, ಡಯಾಲಿಸಿಸ್ ಆಗುತ್ತಿದೆಯಾ, ಓದದ ‘ಡಾಕ್ಟರ’ರ ಕೈಯಲ್ಲಿ ಒಂದೇ ಸಿರಿಂಜಿನ ಇಂಜೆಕ್ಷನ್ ತೆಗೆದುಕೊಂಡ ಕಾಲ ಇತ್ತಾ, ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಂಡಿದ್ದಾರಾ, ಸೂಜಿಯಿಂದ ನಶೆ ಮಾಡಿದ್ದುಂಟಾ. ಕೊನೆಯದನ್ನು ಮನೆಯವರ ಎದುರು ಕೇಳಬೇಡಿ ಎಂದು ಬಿಡಿಸಿ ಹೇಳಬೇಕು.

ಎರಡನೆಯದು ಲಸಿಕೆ. ‘ಹೆಪಟೈಟಿಸ್ ಲಸಿಕೆ ಆಗಿದೆ, ನನಗೇನೂ ಆಗುವುದಿಲ್ಲ’ ಎನ್ನುವವರು ಇರುತ್ತಾರೆ. ಈ ತಪ್ಪಿಗೆ ಕಾರಣವೂ ಇದೆ. ಹುಟ್ಟಿದ 24 ಗಂಟೆಯೊಳಗೆ ಮಗುವಿಗೆ ಕೊಡುವ 0.5 ಮಿ.ಲೀ. ಲಸಿಕೆ, ಆಮೇಲೆ 6, 10, 14 ವಾರಕ್ಕೆ ಪೆಂಟಾವೇಲೆಂಟ್, ಇವನ್ನೆಲ್ಲ ಬಾಯಲ್ಲಿ ‘ಹೆಪಟೈಟಿಸ್’ ಎಂದಷ್ಟೇ ಹೇಳುವುದು ರೂಢಿ, ಅಕ್ಷರ ಬಿದ್ದುಹೋಗಿರುತ್ತದೆ. ಆ ಲಸಿಕೆ ಬಿ ಗೆ. ಸಿ ಗೆ ಲಸಿಕೆ ಇಲ್ಲ. ತಾಯಿ ಕಾರ್ಡಿನಲ್ಲೂ ಇದೇ ಕತೆ: ಎಚ್‌ಬಿಎಸ್‌ಎಜಿ (ಹೆಪಟೈಟಿಸ್ ಬಿ ಪರೀಕ್ಷೆ) ನೆಗೆಟಿವ್ ಬಂದಿದ್ದಕ್ಕೆ ‘ಹೆಪಟೈಟಿಸ್ ನೆಗೆಟಿವ್’ ಎಂದು ಬರೆದರೆ, ಓದಿದವರು ಸಿ ಕೂಡ ಇಲ್ಲ ಎಂದುಕೊಳ್ಳುತ್ತಾರೆ. ಸಿ ಪರೀಕ್ಷೆ ಮಾಡಿಯೇ ಇರುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಸಿ ವಾಸಿಯಾಗುತ್ತದೆ. ಹನ್ನೆರಡು ವಾರ ಮಾತ್ರೆ ನುಂಗಿದರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನರಲ್ಲಿ ವೈರಾಣು ಪೂರ್ತಿ ಹೋಗುತ್ತದೆ, ಮತ್ತು 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಔಷಧ, ಪರೀಕ್ಷೆ ಉಚಿತ. ವಾರಕ್ಕೊಮ್ಮೆ ಇಂಟರ್‌ಫೆರಾನ್ ಚುಚ್ಚುತ್ತಿದ್ದ ಕಾಲದಲ್ಲಿ ಕಲಿತವರ ತಲೆಯಲ್ಲಿ ‘ಇದಕ್ಕೆ ಔಷಧವಿಲ್ಲ, ಇದ್ದರೂ ತಡೆದುಕೊಳ್ಳಲಾಗದು’ ಎಂಬುದು ಹಾಗೇ ಕೂತಿದೆ. ಅದು ಹೋಗದೆ ಸಿಸ್ಟರ್ ಯಾರನ್ನೂ ಪರೀಕ್ಷೆಗೆ ಒತ್ತಾಯಿಸುವುದಿಲ್ಲ.

ನೇರಳೆ ಮುಚ್ಚಳ

ಲ್ಯಾಬ್ ಕಡೆಯಿಂದ ಒಂದಿಷ್ಟು. ‘ಎಚ್‌ಸಿವಿ (ಹೆಪಟೈಟಿಸ್ ಸಿ ವೈರಾಣು) ಪಾಸಿಟಿವ್’ ಎಂಬ ಪದವನ್ನು ತರಬೇತಿಯಲ್ಲೇ ಬಳಸಬೇಡಿ. ಎರಡು ಬೇರೆ ಪರೀಕ್ಷೆಗಳಿವೆ, ಒಂದೇ ಹೆಸರಿನಲ್ಲಿ ಕರೆದು ಜನರನ್ನು ಹಾಳು ಮಾಡುತ್ತೇವೆ.

ಬೆರಳಿನ ರಕ್ತದಿಂದ ಮಾಡುವ ಕಿಟ್ ತೋರಿಸುವುದು ಆಂಟಿಬಾಡಿಯನ್ನು, ಅಂದರೆ ವೈರಾಣು ಎಂದಾದರೂ ಒಳಗೆ ಬಂದಿತ್ತು ಎಂಬ ಗುರುತನ್ನು. ಈಗ ಇದೆಯೋ ಇಲ್ಲವೋ ಅದರಿಂದ ಗೊತ್ತಾಗದು. ಸೋಂಕು ತಗಲಿದವರಲ್ಲಿ ಸುಮಾರು ಕಾಲುಭಾಗ ಜನರಲ್ಲಿ ಆರು ತಿಂಗಳೊಳಗೆ ಔಷಧವಿಲ್ಲದೆ ತಾನಾಗಿಯೇ ಹೋಗಿಬಿಡುತ್ತದೆ. ಅವರ ಆಂಟಿಬಾಡಿ ಮಾತ್ರ ಉಳಿಯುತ್ತದೆ. ಮಾತ್ರೆ ನುಂಗಿ ವಾಸಿಯಾದವರದ್ದೂ ಅಷ್ಟೇ, ಬಹುತೇಕ ಜೀವನಪೂರ್ತಿ ಗೆರೆ ಮೂಡುತ್ತಲೇ ಇರುತ್ತದೆ. ಗುಣವಾದವರಿಗೆ ಮತ್ತೆ ಕಿಟ್ ಹಾಕಿ ‘ಇನ್ನೂ ಹೋಗಿಲ್ಲ’ ಎನ್ನುವುದು ಸಾಮಾನ್ಯವಾಗಿ ಆಗುವ ಅನಾಹುತ. ಈಗ ವೈರಾಣು ಇದೆಯೇ ಎಂದು ಹೇಳುವುದು ಆರ್‌ಎನ್‌ಎ ಪರೀಕ್ಷೆ, ಅದೇ ವೈರಲ್ ಲೋಡ್.

ಕಾಲದ ಲೆಕ್ಕವೂ ಬೇಕು. ಸೋಂಕು ತಗಲಿ ಒಂದೆರಡು ವಾರಕ್ಕೆ ಆರ್‌ಎನ್‌ಎ ಸಿಗುತ್ತದೆ, ಆಂಟಿಬಾಡಿ ಕಾಣಲು 8ರಿಂದ 11 ವಾರ ಬೇಕು. ಕಳೆದ ತಿಂಗಳು ಸೂಜಿ ಚುಚ್ಚಿದವರಿಗೆ ಇಂದು ಕಿಟ್ ನೆಗೆಟಿವ್ ಬಂದರೆ ಅದಕ್ಕೆ ಬೆಲೆಯಿಲ್ಲ.

ಕಿಟ್ ಓದುವಾಗ ಆಗುವ ತಪ್ಪು: ಪೆಟ್ಟಿಗೆಯ ಮೇಲೆ ಬರೆದ ನಿಮಿಷಕ್ಕೆ ಓದಬೇಕು. ಹೊರರೋಗಿ ಸಾಲು ಮುಗಿಸಿ ಒಂದು ಗಂಟೆ ಬಿಟ್ಟು ನೋಡಿದರೆ ಒಣಗಿದ ಪಟ್ಟಿಯ ಮೇಲೆ ತೆಳು ಗೆರೆ ಕಂಡು ಸುಳ್ಳು ಪಾಸಿಟಿವ್ ಆಗುತ್ತದೆ. ನಿಯಂತ್ರಣ ಗೆರೆ ಮೂಡದಿದ್ದರೆ ನೆಗೆಟಿವ್ ಅಲ್ಲ, ಪರೀಕ್ಷೆಯೇ ಅಮಾನ್ಯ. ಫ್ರಿಜ್ಜಿನಿಂದ ತೆಗೆದ ಕಿಟ್ಟನ್ನು ಕೋಣೆಯ ಉಷ್ಣಕ್ಕೆ ಬಂದ ಮೇಲೆ ಒಡೆಯಿರಿ, ಇಲ್ಲದಿದ್ದರೆ ನಮ್ಮ ಕಡೆಯ ತೇವ ಗಾಳಿಗೆ ಪಟ್ಟಿಯ ಮೇಲೆ ನೀರು ಕೂರುತ್ತದೆ.

ಆರ್‌ಎನ್‌ಎಗೆ ಮಾದರಿ ಕಳಿಸುವಾಗ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್. ಹೆಪಾರಿನ್ ಇರುವ ಹಸಿರು ಮುಚ್ಚಳದ್ದು ಬೇಡ, ಹೆಪಾರಿನ್ ಆರ್‌ಎನ್‌ಎ ಹುಡುಕುವ ಪಿಸಿಆರ್ ಕ್ರಿಯೆಗೆ ಅಡ್ಡ ಬರುತ್ತದೆ. ಎಂಟು ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಿ, ಕುಲುಕಬೇಡಿ. ಆರು ಗಂಟೆಯೊಳಗೆ ಪ್ಲಾಸ್ಮಾ ಬೇರ್ಪಡಿಸುವ ಹಾಗೆ ಹೊತ್ತು ನೋಡಿ ರಕ್ತ ತೆಗೆಯಿರಿ. ಜೋಯಿಡಾದಿಂದ ಅಣಶಿ ಘಟ್ಟ ಇಳಿದು ಕಾರವಾರಕ್ಕೆ ಬರುವ ಮಾದರಿಯಾದರೆ ಮಧ್ಯಾಹ್ನ ತೆಗೆದು ಮರುದಿನದ ಬಸ್ಸಿಗೆ ಇಡುವುದಲ್ಲ, ಬೆಳಿಗ್ಗೆ ತೆಗೆದು ಅದೇ ದಿನ ಕಳಿಸುವುದು. 2ರಿಂದ 8 ಡಿಗ್ರಿ, ಆದರೆ ಟ್ಯೂಬ್ ನೇರವಾಗಿ ಐಸ್‌ಪ್ಯಾಕಿಗೆ ತಾಗಿದರೆ ಹೆಪ್ಪುಗಟ್ಟಿ ಕೆಂಪುಕಣ ಒಡೆಯುತ್ತದೆ, ನಡುವೆ ಹತ್ತಿಯೋ ಬಟ್ಟೆಯೋ ಇರಲಿ.

ಬಿಳಿ ಡಬ್ಬಿ

ಸೂಜಿ ಚುಚ್ಚಿದ ವಿಷಯ. ಮೊದಲು ಮಾಡಬೇಕಾದ್ದು ಹರಿಯುವ ನೀರು ಮತ್ತು ಸೋಪಿನಿಂದ ತೊಳೆಯುವುದು. ಹಿಂಡಬಾರದು, ಬೆರಳು ಬಾಯಿಗೆ ಹಾಕಬಾರದು, ಸ್ಪಿರಿಟ್, ಬ್ಲೀಚ್, ಅಯೋಡಿನ್ ಹಾಕಿ ಉಜ್ಜಬಾರದು. ಕಣ್ಣಿಗೆ ರಕ್ತ ಸಿಡಿದರೆ ನೀರು ಅಥವಾ ಸಲೈನ್‌ನಿಂದ ತೊಳೆಯುತ್ತಿರಿ. ಆಮೇಲೆ ವೈದ್ಯಾಧಿಕಾರಿಗೆ ಹೇಳಿ ಬರೆದಿಡಿ: ಎಷ್ಟು ಹೊತ್ತಿಗೆ, ಟೊಳ್ಳು ಸೂಜಿಯೋ ಹೊಲಿಗೆ ಸೂಜಿಯೋ, ರಕ್ತ ಕಾಣುತ್ತಿತ್ತೋ, ಎಷ್ಟು ಆಳ, ಯಾರಿಗೆ ಬಳಸಿದ್ದು. ಹೇಳದೆ ಮುಚ್ಚಿಟ್ಟರೆ ಕೈತಪ್ಪಿ ಹೋಗುವುದು ಎಚ್‌ಐವಿ ತಡೆ ಮಾತ್ರೆ. ಅದು 2 ಗಂಟೆಯೊಳಗೆ ಶುರುವಾದರೆ ಉತ್ತಮ, 72 ಗಂಟೆ ದಾಟಿದರೆ ಉಪಯೋಗವಿಲ್ಲ.

ಹೆಪಟೈಟಿಸ್ ಸಿ ಗೆ ಅಂಥ ತಡೆ ಮಾತ್ರೆಯಿಲ್ಲ. ಸೋಂಕು ಬಂತೋ ಇಲ್ಲವೋ ಎಂದು ಕಾಯ್ದು ನೋಡುವುದು, ಬಂದರೆ ಚಿಕಿತ್ಸೆ. ರೋಗಿಯ ರಕ್ತ, ಚುಚ್ಚಿಕೊಂಡವರ ರಕ್ತ ಎರಡನ್ನೂ ಆಗಲೇ ಪರೀಕ್ಷೆಗೆ ಕಳಿಸಿ, ಚುಚ್ಚಿಕೊಂಡವರಿಗೆ 3ರಿಂದ 6 ವಾರದಲ್ಲಿ ಆರ್‌ಎನ್‌ಎ, 4ರಿಂದ 6 ತಿಂಗಳಲ್ಲಿ ಆಂಟಿಬಾಡಿ. ಅಲ್ಲಿಯವರೆಗೆ ರಕ್ತದಾನ ಬೇಡ. ಕೆಲಸ ಬಿಡಬೇಕಿಲ್ಲ.

ಅಪಾಯದ ಅಂಕಿಗಳನ್ನು ಬೋರ್ಡಿನ ಮೇಲೆ ಬರೆಯಿರಿ: ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ತಗಲುವುದು ನೂರಕ್ಕೆ 6ರಿಂದ 30, ಎಚ್‌ಐವಿ 0.3, ಹೆಪಟೈಟಿಸ್ ಸಿ ಹಳೆಯ ಪುಸ್ತಕಗಳಲ್ಲಿ 1.8, ಈಚಿನ ಲೆಕ್ಕದಲ್ಲಿ 0.2ರ ಆಸುಪಾಸು. ಇದನ್ನು ತೋರಿಸಿದ ಕೂಡಲೇ, ಸಿಸ್ಟರ್‌ಗಳಲ್ಲಿ ಎಷ್ಟು ಜನ ಬಿ ಲಸಿಕೆಯ ಮೂರೂ ಡೋಸ್ (0, 1, 6 ತಿಂಗಳು) ಮುಗಿಸಿದ್ದಾರೆ ಎಂದು ಕೇಳಿ. ಒಂದು ಡೋಸ್ ಹಾಕಿಸಿ ಮರೆತವರು ಇದ್ದೇ ಇರುತ್ತಾರೆ. ಮೂರನೆಯದಾದ ಮೇಲೆ ಒಂದೆರಡು ತಿಂಗಳಿಗೆ ಆಂಟಿ-ಎಚ್‌ಬಿಎಸ್ (ಬಿ ವಿರುದ್ಧದ ಆಂಟಿಬಾಡಿ) 10ಕ್ಕಿಂತ ಮೇಲೆ ಬಂದಿದೆಯೇ ನೋಡಬೇಕು.

ಈಗ ನನಗೆ ಹೇಳಲೇಬೇಕಾದ ಮಾತು. ನಮ್ಮಲ್ಲಿ ಹೆದರಿಕೆ ಇದೆ, ಆದರೆ ಇರಬೇಕಾದ ಜಾಗದಲ್ಲಿಲ್ಲ. ಸಿ ಇದೆ ಎಂದು ಗೊತ್ತಿರುವವರ ಬಿಪಿ ನೋಡಲು ಎರಡೆರಡು ಗ್ಲೌಸ್. ಬಿಪಿ ಪಟ್ಟಿಯಿಂದ ವೈರಾಣು ದಾಟುವುದಿಲ್ಲ, ಆ ಗ್ಲೌಸ್ ಬರೀ ಅವಮಾನ. ಅದೇ ದಿನ ಮನೆಮನೆ ಸಕ್ಕರೆ ತಪಾಸಣೆಯಲ್ಲಿ ಪೆನ್ನಿನಂಥ ಚುಚ್ಚುಸಾಧನದಲ್ಲಿ ಸೂಜಿ ಮಾತ್ರ ಬದಲಿಸಿ, ತುದಿಯ ಮುಚ್ಚಳ ಬದಲಿಸದೆ ಮೂವತ್ತು ಬೆರಳು ಚುಚ್ಚುವುದುಂಟು. ನಿಜವಾದ ದಾರಿ ಅದು. ಆ ಪೆನ್ ಒಬ್ಬರ ಸ್ವಂತ ಬಳಕೆಗೆ ಮಾಡಿದ್ದು. ಶಿಬಿರಕ್ಕೆ, ಮನೆ ಭೇಟಿಗೆ ಒಮ್ಮೆ ಚುಚ್ಚಿದರೆ ತಾನೇ ಒಳಸರಿದು ಮತ್ತೆ ಬಳಸಲಾಗದ ಲ್ಯಾನ್ಸೆಟ್ ಮಾತ್ರ. ಸ್ಪಿರಿಟ್‌ನಲ್ಲಿ ಅದ್ದಿದರೆ ಸಾಲದು. ಗ್ಲೂಕೋಮೀಟರ್ ಮೇಲೆ ರಕ್ತ ತಾಗಿದರೆ ಒರೆಸಿದ ಮೇಲಷ್ಟೇ ಮುಂದಿನವರಿಗೆ ಹೋಗಿ, ಒಣಗಿದ ರಕ್ತದಲ್ಲಿ ಈ ವೈರಾಣು ದಿನಗಟ್ಟಲೆ ಅಲ್ಲ, ವಾರಗಟ್ಟಲೆ ಬದುಕಬಲ್ಲದು. ಒಂದೇ ವಯಲಿನಿಂದ ಹಲವರಿಗೆ ಔಷಧ ಎಳೆಯುವಾಗ ಪ್ರತಿ ಸಲ ಹೊಸ ಸೂಜಿ, ಹೊಸ ಸಿರಿಂಜು. ಸೂಜಿ ಬದಲಿಸಿ ಅದೇ ಸಿರಿಂಜು ಮತ್ತೆ ವಯಲಿಗೆ ಹೋದರೆ ಇಡೀ ವಯಲ್ ಕೆಟ್ಟಂತೆ.

ಸೂಜಿಗೆ ಮತ್ತೆ ಮುಚ್ಚಳ ಹಾಕಬೇಡಿ, ಹಬ್ ಕಟರ್‌ನಲ್ಲಿ ಕತ್ತರಿಸಿ. ಸೂಜಿ, ಲ್ಯಾನ್ಸೆಟ್ ಬಿಳಿ ಡಬ್ಬಿಗೆ, ಸಿರಿಂಜಿನ ಪ್ಲಾಸ್ಟಿಕ್ ಕೆಂಪಿಗೆ, ರಕ್ತದ ಹತ್ತಿ ಹಳದಿಗೆ. ಡಬ್ಬಿ ಮುಕ್ಕಾಲು ತುಂಬಿದಾಗ ಮುಚ್ಚಿಬಿಡಿ. ತುಂಬಿ ತುಳುಕುವ ಡಬ್ಬಿಗೆ ತಳ್ಳುವಾಗಲೇ ಕೈಗೆ ಚುಚ್ಚುವುದು.

ಗಂಗಾವಳಿ ದಂಡೆ

ಚುಚ್ಚುಸಾಧನದ ಮಾತಿಗೆ ಧನ್ಯವಾದ, ಅದನ್ನು ಕೈಯಲ್ಲಿ ಹಿಡಿದು ತೋರಿಸುವ ಭಾಗವಾಗಿ ಇಡುತ್ತೇವೆ. ಇನ್ನೆರಡು ಕೇಳುವುದಿದೆ. ಗರ್ಭಿಣಿಗೆ ಸಿ ಇದ್ದರೆ ಸಿಸ್ಟರ್ ಏನು ಹೇಳಬೇಕು? ಮತ್ತು ಧೋರಣೆಯ ಪ್ರಶ್ನೆಗಳು? ‘ರೋಗಿಗಳನ್ನು ಸಮಾನವಾಗಿ ಕಾಣುತ್ತೀರಾ’ ಎಂದು ಬರೆದರೆ ನಲವತ್ತೂ ಜನ ಹೌದು ಎಂದೇ ಟಿಕ್ ಮಾಡುತ್ತಾರೆ.

ಹೊಳೆಸಾಲು

ಗರ್ಭಿಣಿ ಪ್ರಶ್ನೆಗೆ ಉತ್ತರ ಚಿಕ್ಕದು. ತಾಯಿಯಿಂದ ಮಗುವಿಗೆ ಹೋಗುವುದು ನೂರಕ್ಕೆ ಸುಮಾರು 5-6, ತಾಯಿಗೆ ಎಚ್‌ಐವಿ ಕೂಡ ಇದ್ದರೆ ಹೆಚ್ಚು. ಸಿ ಇದೆ ಎಂಬ ಒಂದೇ ಕಾರಣಕ್ಕೆ ಸಿಸೇರಿಯನ್ ಬೇಡ. ಮೊಲೆಹಾಲು ಕೊಡಬಹುದು, ತೊಟ್ಟು ಒಡೆದು ರಕ್ತ ಬರುತ್ತಿದ್ದರೆ ಮಾತ್ರ ವಾಸಿಯಾಗುವವರೆಗೆ ನಿಲ್ಲಿಸಿ. ಮಾತ್ರೆ ಶುರು ಮಾಡುವುದನ್ನು ಹೆರಿಗೆ, ಹಾಲುಣಿಸುವ ಕಾಲ ಮುಗಿದ ಮೇಲಕ್ಕೆ ಇಡುತ್ತಾರೆ. ಮಗುವಿಗೆ 18 ತಿಂಗಳಿಗೆ ಮುಂಚೆ ಆಂಟಿಬಾಡಿ ನೋಡಬೇಡಿ, ತಾಯಿಯದ್ದೇ ಕಾಣುತ್ತಿರುತ್ತದೆ. ಗಂಡನ ಬಗ್ಗೆ: ಒಬ್ಬರಿಗೊಬ್ಬರು ಮಾತ್ರ ಇರುವ ದಂಪತಿಯಲ್ಲಿ ಹರಡುವುದು ತೀರಾ ಅಪರೂಪ, ಹಾಸಿಗೆ, ತಟ್ಟೆ, ಲೋಟ ಬೇರೆ ಮಾಡಬೇಕಿಲ್ಲ. ಬೇರೆ ಇರಬೇಕಾದ್ದು ಬ್ಲೇಡು, ಹಲ್ಲುಜ್ಜುವ ಬ್ರಷ್, ಉಗುರು ಕತ್ತರಿ.

ಧೋರಣೆಗೆ ‘ಹೌದು/ಅಲ್ಲ’ ಬೇಡ, ಸನ್ನಿವೇಶ ಕೊಡಿ. ಉದಾಹರಣೆಗೆ:

‘ಇಂದು ಹನ್ನೆರಡು ಮನೆ ಭೇಟಿ. ಒಂದು ಮನೆಯವರಿಗೆ ಹೆಪಟೈಟಿಸ್ ಸಿ ಇದೆ ಎಂದು ಗೊತ್ತು. ಅಲ್ಲಿಗೆ ಯಾವಾಗ ಹೋಗುತ್ತೀರಿ: ಮೊದಲು, ಕೊನೆಗೆ, ದಾರಿಯಲ್ಲಿ ಬಂದಾಗ?’

‘ಆ ಮನೆಯಲ್ಲಿ ಆಸರಿಗೆ (ಬಂದವರಿಗೆ ಕುಡಿಯಲು ಕೊಡುವುದು) ಕೊಟ್ಟರೆ ಏನು ಮಾಡುತ್ತೀರಿ?’ ಶಿರಸಿ, ಸಿದ್ದಾಪುರದ ಕಡೆ ಆಸರಿಗೆ ಕೇಳದೆ ಬಾಗಿಲು ದಾಟಿಸುವುದಿಲ್ಲ, ಬೇಡ ಎಂದರೆ ಕಾರಣ ಅವರಿಗೆ ಕೂಡಲೇ ತಿಳಿಯುತ್ತದೆ. ಈ ಒಂದು ಪ್ರಶ್ನೆ ಹತ್ತು ಹೇಳಿಕೆಗಳಿಗಿಂತ ಹೆಚ್ಚು ತೋರಿಸುತ್ತದೆ.

‘ಕೇಸ್ ಪೇಪರಿನಲ್ಲಿ ಎಲ್ಲಿ, ಹೇಗೆ ಬರೆಯುತ್ತೀರಿ?’ ಮೇಲ್ಗಡೆ ಕೆಂಪು ಶಾಯಿಯಲ್ಲಿ ದೊಡ್ಡದಾಗಿ ಎನ್ನುವವರು ಎಷ್ಟು ಜನ ನೋಡಿ. ಸ್ಟ್ಯಾಂಡರ್ಡ್ ಮುನ್ನೆಚ್ಚರಿಕೆ ಎಲ್ಲರಿಗೂ ಒಂದೇ ಆದಾಗ ಆ ಕೆಂಪು ಶಾಯಿಯ ಉಪಯೋಗ ಆಸ್ಪತ್ರೆಗಲ್ಲ, ಬೆಂಚಿನ ಮೇಲೆ ಪಕ್ಕದಲ್ಲಿ ಕೂತ ಊರವರಿಗೆ.

ಇನ್ನೊಂದು ಉಪಾಯ: ಗಾಯದ ಡ್ರೆಸ್ಸಿಂಗ್ ಕುರಿತ ಒಂದೇ ಸನ್ನಿವೇಶವನ್ನು ಎರಡು ಬಗೆಯಲ್ಲಿ ಅಚ್ಚು ಹಾಕಿಸಿ. ಇಪ್ಪತ್ತು ಪ್ರತಿಗಳಲ್ಲಿ ‘1995ರಲ್ಲಿ ಹೆರಿಗೆಯಲ್ಲಿ ರಕ್ತ ಹಾಕಿಸಿಕೊಂಡ ಅಮ್ಮ’, ಇನ್ನಿಪ್ಪತ್ತರಲ್ಲಿ ‘ಸೂಜಿ ನಶೆ ಮಾಡುತ್ತಿದ್ದ ಹುಡುಗ’. ವೈರಾಣು ಒಂದೇ, ಗಾಯ ಒಂದೇ. ಉತ್ತರ ಬೇರೆಯಾದರೆ ಅದು ಸೋಂಕಿನ ಹೆದರಿಕೆಯಲ್ಲ, ಮನುಷ್ಯರ ಮೇಲಿನ ತೀರ್ಪು. ನಲವತ್ತು ಜನರಲ್ಲಿ ಇದು ಅಂಕಿಅಂಶಕ್ಕೆ ಸಾಲದು, ತರಬೇತಿಯ ಚರ್ಚೆಗೆ ಬೇಕಾದಷ್ಟಾಯಿತು.

ಜ್ಞಾನದ ಪ್ರಶ್ನೆಗಳಲ್ಲಿ ಸರಿ, ತಪ್ಪು ಜೊತೆಗೆ ‘ಗೊತ್ತಿಲ್ಲ’ ಎಂಬ ಕಾಲಂ ಇಡಿ. ಇಲ್ಲದಿದ್ದರೆ ಕಣ್ಣು ಮುಚ್ಚಿ ಟಿಕ್ ಹಾಕಿದವರಿಗೂ ಅರ್ಧ ಅಂಕ ಬರುತ್ತದೆ. ಹೆಸರು ಬೇಡ, ಪಿಎಚ್‌ಸಿ ಹೆಸರೂ ಬೇಡ. ಒಂದು ಪಿಎಚ್‌ಸಿಯಿಂದ ಇಬ್ಬರೇ ಬಂದಿದ್ದರೆ ಯಾರು ಬರೆದದ್ದೆಂದು ಎಲ್ಲರಿಗೂ ಗೊತ್ತಾಗುತ್ತದೆ. ಬರವಣಿಗೆಯ ಉತ್ತರ ಕೇಳಬೇಡಿ, ಅಕ್ಷರ ಗುರುತು ಹಿಡಿಯುತ್ತಾರೆ.

ಮೂರು ಡಬ್ಬಿ

ಮೇಲೆ ಸೋಂದಾ ರಸ್ತೆಯವರು ‘ಹನ್ನೆರಡು ವಾರ’ ಎಂದಿದ್ದಾರೆ, ಒಂದು ತಿದ್ದುಪಡಿ ಬೇಕು. ಸಿರೋಸಿಸ್ (ಲಿವರ್ ಗಾಯಗಟ್ಟಿ ಗಡುಸಾಗುವುದು) ಇಲ್ಲದವರಿಗೆ ಸೊಫೊಸ್ಬುವಿರ್ 400 ಮಿ.ಗ್ರಾಂ ಜೊತೆ ಡಕ್ಲಾಟಾಸ್ವಿರ್ 60, ದಿನಕ್ಕೊಮ್ಮೆ, 12 ವಾರ. ಸಿರೋಸಿಸ್ ಇದ್ದೂ ಹೊಟ್ಟೆನೀರು ಇತ್ಯಾದಿ ಇಲ್ಲದವರಿಗೆ ಸೊಫೊಸ್ಬುವಿರ್ ಜೊತೆ ವೆಲ್ಪಟಾಸ್ವಿರ್ 100, 12 ವಾರ. ಹೊಟ್ಟೆನೀರು ತುಂಬಿದ ಹಂತದವರಿಗೆ ಅದರ ಜೊತೆ ರಿಬಾವಿರಿನ್, ಅದು ಒಗ್ಗದಿದ್ದರೆ ರಿಬಾವಿರಿನ್ ಬಿಟ್ಟು 24 ವಾರ. ಯಾವ ಗುಂಪು ಎಂದು ತೀರ್ಮಾನಿಸುವುದು ವೈದ್ಯರು, ಆದರೆ ಎಪಿಆರ್‌ಐ (ರಕ್ತಪರೀಕ್ಷೆಯಿಂದ ಲಿವರ್ ಎಷ್ಟು ಹಾಳಾಗಿದೆ ಎಂದು ಅಂದಾಜಿಸುವ ಅಂಕಿ) ಲೆಕ್ಕ ಸಿಸ್ಟರ್‌ಗೂ ಬರಬೇಕು: ಎಎಸ್‌ಟಿಯನ್ನು (ಲಿವರಿನ ಒಂದು ಕಿಣ್ವ) ಅದರ ಗರಿಷ್ಠ ಸಹಜ ಮಿತಿಯಿಂದ ಭಾಗಿಸಿ, ಪ್ಲೇಟ್‌ಲೆಟ್‌ನಿಂದ (ಸಾವಿರಗಳಲ್ಲಿ) ಭಾಗಿಸಿ, 100ರಿಂದ ಗುಣಿಸಿ. ಎಎಸ್‌ಟಿ 96, ಮಿತಿ 40, ಪ್ಲೇಟ್‌ಲೆಟ್ 1.2 ಲಕ್ಷ ಅಂದರೆ 2.4 ಭಾಗಿಸು 120 ಗುಣಿಸು 100, ಬಂದದ್ದು 2. ಎರಡು ದಾಟಿದರೆ ಸಿರೋಸಿಸ್ ಎಂದು ಎಣಿಸಿ ನಡೆಯಬೇಕು, ಕಳಿಸಲು ತಡ ಮಾಡಬಾರದು.

ಮಾತ್ರೆ ಶುರುವಾದ ಮೇಲೆ ಸಿಸ್ಟರ್ ಕಣ್ಣಿಡಬೇಕಾದದ್ದು ಬೇರೆ ಔಷಧಗಳ ಮೇಲೆ. ಟಿಬಿಯ ರಿಫಾಂಪಿಸಿನ್, ಮೂರ್ಛೆರೋಗದ ಫೆನಿಟಾಯಿನ್, ಕಾರ್ಬಮಜೆಪಿನ್ ಇವು ಸಿ ಮಾತ್ರೆಯ ಬಲವನ್ನು ಇಳಿಸಿಬಿಡುತ್ತವೆ. ಹೃದಯಕ್ಕೆ ಅಮಿಯೊಡರೋನ್ ತೆಗೆದುಕೊಳ್ಳುತ್ತಿದ್ದರೆ ನಾಡಿ ಅಪಾಯಕಾರಿಯಾಗಿ ನಿಧಾನವಾಗಬಹುದು. ವೆಲ್ಪಟಾಸ್ವಿರ್ ನುಂಗುವವರು ಗ್ಯಾಸಿನ ಮಾತ್ರೆಯನ್ನು ಅಂಗಡಿಯಿಂದ ತಂದು ಜೊತೆಗೇ ನುಂಗಿದರೆ ಹೀರಿಕೆ ಕಡಿಮೆಯಾಗುತ್ತದೆ, ಆಂಟಾಸಿಡ್ ಆದರೆ ನಾಲ್ಕು ಗಂಟೆ ಅಂತರ. ಸಕ್ಕರೆ ಕಾಯಿಲೆಯವರಲ್ಲಿ ವೈರಾಣು ಇಳಿಯುತ್ತಿದ್ದಂತೆ ಸಕ್ಕರೆಯೂ ಇಳಿಯಬಹುದು, ಇನ್ಸುಲಿನ್, ಗ್ಲಿಬೆನ್‌ಕ್ಲಮೈಡ್ ಇರುವವರನ್ನು ಮೊದಲ ತಿಂಗಳು ಹೆಚ್ಚು ಸಲ ನೋಡಿ. ಶುರುವಿಗೆ ಮುಂಚೆ ಎಚ್‌ಬಿಎಸ್‌ಎಜಿ ಆಗಿದೆಯೇ ಕೇಳಿ, ಸಿ ಹೋಗುವಾಗ ಅಡಗಿದ ಬಿ ಏಳುವುದುಂಟು. ನೆಲನೆಲ್ಲಿ, ಅಮೃತಬಳ್ಳಿ ಕಷಾಯ ನಡೆಯುತ್ತಿದೆಯೇ ಎಂದೂ ಬೈಯದೆ ಕೇಳಿ. ಅಮೃತಬಳ್ಳಿಯಿಂದ ಲಿವರಿಗೇ ಪೆಟ್ಟು ಬಿದ್ದ ಪ್ರಕರಣಗಳು ವರದಿಯಾಗಿವೆ.

ಒಂದು ಡಬ್ಬಿಯಲ್ಲಿ 28 ಮಾತ್ರೆ, 84 ದಿನಕ್ಕೆ ಮೂರು ಡಬ್ಬಿ. ಮಳೆಗಾಲದಲ್ಲಿ ಡಬ್ಬಿಯಲ್ಲಿ ಹತ್ತು ಮಾತ್ರೆ ಉಳಿದಿರುವಾಗಲೇ ಮುಂದಿನದನ್ನು ತರಿಸಿ. 2024ರ ಜುಲೈನಲ್ಲಿ ಶಿರೂರು ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದಂಥ ದಿನಗಳಲ್ಲಿ ಮಾತ್ರೆ ತಪ್ಪುತ್ತದೆ. ಮರೆತರೆ ಅದೇ ದಿನ ನೆನಪಾದಾಗ ನುಂಗಲಿ, ಮರುದಿನ ಎರಡು ಬೇಡ. ಮಾತ್ರೆ ಮುಗಿದ ದಿನಕ್ಕಲ್ಲ, ಮುಗಿದು 12 ವಾರಕ್ಕೆ ಮತ್ತೆ ಆರ್‌ಎನ್‌ಎ. ಆಗ ಕಾಣದಿದ್ದರೆ ವಾಸಿ. ಈ ಕೊನೆಯ ಪರೀಕ್ಷೆಗೆ ಜನ ಬರುವುದಿಲ್ಲ, ಮೈ ಹಗುರಾಯಿತು ಎಂದು ಬಿಟ್ಟುಬಿಡುತ್ತಾರೆ. ತಾರೀಖನ್ನು ಮೊದಲ ದಿನವೇ ಡೈರಿಯಲ್ಲಿ ಬರೆದಿಡಿ. ಯಾವ ಚಿಕಿತ್ಸಾ ಕೇಂದ್ರಕ್ಕೆ, ಯಾವ ವಾರ ಕಳಿಸಬೇಕು ಎಂಬುದನ್ನು ಡಿಎಚ್‌ಒ (ಜಿಲ್ಲಾ ಆರೋಗ್ಯಾಧಿಕಾರಿ) ಕಚೇರಿಯಿಂದ ಬರಹದಲ್ಲೇ ತರಿಸಿಕೊಂಡು ತರಬೇತಿಯಲ್ಲಿ ಹಂಚಿ.

ಬಿಳಿ ಡಬ್ಬಿ

ರಕ್ತ ಚೆಲ್ಲಿದಾಗಿನ ದ್ರಾವಣ ಬರೆಯುವುದು ಮರೆತಿತ್ತು. ಬೇಕಾದ್ದು ಶೇ. 1. ಐದು ಶೇಕಡಾದ ಸೋಡಿಯಂ ಹೈಪೋಕ್ಲೋರೈಟ್ ಇದ್ದರೆ 200 ಮಿ.ಲೀ.ಗೆ 800 ಮಿ.ಲೀ. ನೀರು. ಬ್ಲೀಚಿಂಗ್ ಪೌಡರ್ ಆದರೆ ಲೀಟರಿಗೆ 30 ಗ್ರಾಂ, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಲಸಿ ತಿಳಿ ಬಳಸಿ. ಚೆಲ್ಲಿದ ರಕ್ತದ ಮೇಲೆ ಹೀರುವ ಬಟ್ಟೆ ಹಾಕಿ, ಮೇಲೆ ದ್ರಾವಣ ಸುರಿದು, ಕನಿಷ್ಠ ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಮೊದಲೇ ಒರೆಸಿದರೆ ಹರಡಿದಂತೆ.

30 ಗ್ರಾಂ ಲೆಕ್ಕ ಪೌಡರಿನಲ್ಲಿ ಶೇ. 33ರಷ್ಟು ಕ್ಲೋರಿನ್ ಇದ್ದಾಗ ಮಾತ್ರ. ನಮ್ಮ ಕರಾವಳಿಯ ಜುಲೈ ಗಾಳಿಗೆ ಬಾಯಿ ತೆರೆದಿಟ್ಟ ಚೀಲ ಗಂಟು ಕಟ್ಟಿ ಬಲ ಕಳೆದುಕೊಳ್ಳುತ್ತದೆ. ಶೇ. 20ಕ್ಕೆ ಇಳಿದಿದ್ದರೆ ಅದೇ 30 ಗ್ರಾಂನಿಂದ ಸಿಗುವುದು ಶೇ. 0.6. ಒಂದೊಂದು ಕಿಲೋ ಬಿಗಿ ಮುಚ್ಚಳದ ಡಬ್ಬಿಗಳಿಗೆ ಹಂಚಿ, ತೆರೆದ ತಾರೀಖು ಬರೆದು, ಬಿಸಿಲು ಬೀಳದ ಕಡೆ ಇಡಿ. ದ್ರಾವಣ ದಿನಾ ಹೊಸದು. ಶೌಚಾಲಯ ತೊಳೆಯುವ ಆಸಿಡ್ ಜೊತೆ ಒಂದೇ ಬಕೆಟ್ಟಿಗೆ ಹಾಕಲೇಬೇಡಿ, ಏಳುವ ಹೊಗೆ ಕ್ಲೋರಿನ್.